ಏಳು ಹಣ್ಣಿನ ತೂಕ

ಲಿಂಗಸುಗೂರಿನ ನರ್ಸರಿಯಲ್ಲಿ ಖಾಜಾಹುಸೇನ
ಕರಿ ಚೀಲದೊಳಗಿನ ಗೇಣುದ್ದದ ಕಡ್ಡಿ ತೋರಿಸಿ
"ಇದು ದುರಂತ ರೀ ಅಕ್ಕಾರ, ನಲವತ್ತು ರೂಪಾಯಿ" ಅಂದ.
ನಕ್ಕುಬಿಟ್ಟೆ. ಅಷ್ಟು ಅಗ್ಗಕ್ಕೆ
ಎಲ್ಲಿಯೂ ಸಿಕ್ಕಿರಲಿಲ್ಲ ನನಗೆ.

ಹಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಅತ್ತೆ ಹೊಸ್ತಿಲಲ್ಲೇ ಹೆಸರು ಕೇಳಿದಳು.
ಹೇಳಬಾರದಿತ್ತು.

ಮಗ ದಿನಾ ಕಬ್ಬಿಣದ ಪಂಜರದಲ್ಲಿ ನಿಂತು
ಎರಡು ಸಾವಿರ ಅಡಿ ಇಳಿಯುವ ಮನೆ ಇದು.
ಆ ಶಬ್ದ ಇಲ್ಲಿ ಪೇಪರಿನ ದಪ್ಪಕ್ಷರದಲ್ಲಿ ಮಾತ್ರ ಬರುತ್ತದೆ,
ಬಂದ ದಿನ ಲೈನಿನ ಯಾವ ಒಲೆಯೂ ಹೊತ್ತುವುದಿಲ್ಲ.
"ರೊಕ್ಕ ಕೊಟ್ಟು ತಂದೀಯಲ್ಲಬೇ ಅದನ್ನ" ಅಂದಳು ದುರುಗಮ್ಮ,
"ಹಿತ್ತಲದಾಗರ ಇಡು. ಬಾಗಿಲಿಗೆ ಬ್ಯಾಡ."

ಹಿತ್ತಲೆಂದರೆ ಎಂಟಡಿ ನೆಲ.
ಒಗೆಯುವ ಕಲ್ಲು, ತಂತಿ, ಗೋಡೆ,
ಗೋಡೆಯಾಚೆ ಅರೆದ ಕಲ್ಲಿನ ಬೂದಿದಿಬ್ಬ:
ಚಿನ್ನ ತೆಗೆದ ಮೇಲೆ ಉಳಿದದ್ದು, ಗಾಳಿಗೆ ಏಳುತ್ತದೆ.
ಗುದ್ದಲಿ ಒಂದು ಗೇಣು ಇಳಿದು ಟಣ್ಣೆಂದಿತು.
ಗಂಡ ಹಾರೆ ತಂದುಕೊಟ್ಟ, ತಾನು ಅಗೆಯಲಿಲ್ಲ.
"ಎಂಟು ತಾಸು ಅದನ್ನ ಮಾಡಿ ಬಂದೀನಿ, ಬಿಡು."

ಮೊದಲ ವರ್ಷ ಮುಳ್ಳು ಬಿಟ್ಟಿತು. ಅಷ್ಟೇ.
ಎರಡನೇ ಬೇಸಿಗೆಗೆ ಎಲೆ ಸುರಿದು
ಯುಗಾದಿಯೊಳಗೆ ಬರೀ ಕಡ್ಡಿಗಳ ಪೊರಕೆ.
ಉಗುರಿನಿಂದ ತೊಗಟೆ ಗೀರಿ ನೋಡಿದೆ:
ಒಳಗೆ ಹಸಿರು, ಹೆಸರುಕಾಳಿನ ಸಿಪ್ಪೆಯಷ್ಟು.
ಅತ್ತೆಗೆ ಹೇಳಲಿಲ್ಲ,
ಸತ್ತಿದೆ ಎಂದುಕೊಂಡೇ ಇರಲಿ ಎಂದು.

ಒಂದು ಮಧ್ಯಾಹ್ನ ಬೇಗ ಬಂದವಳು ಕಂಡೆ:
ಅಕ್ಕಿ ತೊಳೆದ ನೀರಿನ ಬೋಗುಣಿ ಹಿಡಿದು
ಬುಡದಲ್ಲಿ ಕೂತಿದ್ದಾಳೆ, ಬೈಯುತ್ತಿದ್ದಾಳೆ.
"ಹೆಸರಿಟ್ಟವರ ಬಾಯಿಗೆ ಮಣ್ಣು ಬೀಳ್ಲಿ,
ನೀ ಏನು ಮಾಡ್ತಿ, ನೀ ಕುಡಿ."
ಸದ್ದಿಲ್ಲದೆ ಬೀದಿಗೆ ಹಿಂತಿರುಗಿ
ಚಪ್ಪಲಿ ಸಪ್ಪಳ ಮಾಡುತ್ತ ಮತ್ತೊಮ್ಮೆ ಬಂದೆ.

ಮಿರಗದ ಮಳೆಗೆ ಚಿಗುರು. ಶ್ರಾವಣದಲ್ಲಿ ಹೂವು,
ನೇರಳೆ, ಅಂಚಿಗೆ ಬಿಳಿ, ಕೂಸಿನ ಕುಂಚಿಗೆಯ ಲೇಸಿನಂತೆ.
ದಸರೆ ದಾಟುವಾಗ ಕಾಯಿ ಗೊಂಚಲಾಗಿ ಜೋತು
ದೀಪಾವಳಿಗೆ ಹಳದಿ. ಹಳದಿಯೂ ಅಲ್ಲ,
ಕ್ಯಾಂಪಿನಲ್ಲಿ ಎಲ್ಲರೂ ಅಗೆಯುವ,
ಯಾರ ಕೊರಳಲ್ಲೂ ಹೆಚ್ಚಿಲ್ಲದ ಆ ಬಣ್ಣ.
"ಗುಂಡು ಪೋಣಿಸ್ಯಾಳ ನೋಡು" ಅಂದಳು ಅತ್ತೆ.
ಅಂದಿನಿಂದ ಅದು ಗುಂಡವ್ವ.
"ತಿನ್ನಬ್ಯಾಡ್ರೋ, ವಿಷ ಐತಿ" ಎಂದು
ಓಣಿಯ ಹುಡುಗರಿಗೆ ಕಾವಲೂ ಕೂತಳು.

ನನ್ನ ಕೆಲಸ ಪರೀಕ್ಷೆಯ ಕೋಣೆಯಲ್ಲಿ:
ಪುಡಿಗಲ್ಲು ಕರಗಿಸಿ, ಉಳಿದ ಚುಕ್ಕೆ ತೂಗಿ,
ಟನ್ನಿಗೆ ಎಷ್ಟೆಂದು ಬರೆಯುವುದು.
ಒಂದು ದಿನ ಹಣ್ಣು ಜೇಬಿಗೆ ಹಾಕಿಕೊಂಡು ಹೋಗಿ
ಯಾರೂ ಇಲ್ಲದಾಗ ತಕ್ಕಡಿಗಿಟ್ಟೆ.
ಏಳಕ್ಕೆ ಮೂರು ಗ್ರಾಂ, ಹತ್ತಿರ ಹತ್ತಿರ.
ಅಂದಿನ ಕಲ್ಲಿಗೂ ಅಷ್ಟೇ ಬಂದಿತ್ತು,
ಒಂದು ಇಡೀ ಟನ್ನು ಒಡೆದರೆ.

ಸಂಜೆ ಗೇಟಿನಲ್ಲಿ ಮೈ ತಡಕುವ ಬಸಲಿಂಗಮ್ಮ
ಜೇಬಿಗೆ ಕೈ ಹಾಕಿ ತಟಕ್ಕನೆ ನಿಂತಳು.
ಅಂಗೈಯಲ್ಲಿ ಏಳು ಹೊಳೆಯುವ ಗುಂಡು.
ಹಿಂದಿನ ಸಾಲೆಲ್ಲ ಉಸಿರು ಹಿಡಿಯಿತು.
"ಏನ್ರಿ ಇದು?"
ಖಾಜಾಹುಸೇನ ಹೇಳಿದ ಹೆಸರು ನಾಲಗೆ ತುದಿಗೆ ಬಂತು,
ಆ ಗೇಟಿನಲ್ಲಿ, ಎರಡನೇ ಶಿಫ್ಟು ಇಳಿಯುವ ಹೊತ್ತಿನಲ್ಲಿ,
ಗಂಡ ಪಂಜರದೊಳಗೆ ಹೆಲ್ಮೆಟ್ಟಿನ ದೀಪ
ಸರಿಮಾಡಿಕೊಳ್ಳುತ್ತಿರುವಾಗ.
"ಗುಂಡವ್ವ" ಅಂದೆ.

ಒಂದನ್ನು ಹಿಚುಕಿದಳು. ಸಿಪ್ಪೆ, ಅಂಟು, ಬೀಜ.
ಖಾಕಿಗೆ ಬೆರಳೊರೆಸಿ
ಉಳಿದ ಆರನ್ನು ಎಣಿಸಿ ನನ್ನ ಕೈಗಿಟ್ಟಳು.
"ಮಳಿಗಾಲಕ್ಕ ನಮಗೂ ಒಂದು ಟೊಂಗಿ ಕೊಡ್ರಿ."

ಪಿಕಳಾರಗಳಿಗೆ ಗೇಟಿಲ್ಲ, ತಡಕುವವರಿಲ್ಲ.
ತಿಂದು ಗೋಡೆ ಹಾರುತ್ತವೆ.
ಈ ವರ್ಷ ಬೂದಿದಿಬ್ಬದ ಇಳಿಜಾರಿನಲ್ಲಿ, ಅರ್ಧ ಎತ್ತರದಲ್ಲಿ,
ಏನೋ ಒಂದು ಹಸಿರು.
ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ
"ಅಲ್ಲೀತನ ನೀರು ಯಾರು ಒಯ್ಯಬೇಕು?" ಎನ್ನುತ್ತಾಳೆ,
ಬೋಗುಣಿ ಕೆಳಗಿಡದೆ.